ಲೆಕ್ಕ ಬಿಡಿಸಲಾಗದೆ ಕೂತಾಗ ಮಿದುಳು ಏನು ಮಾಡುತ್ತಿರುತ್ತದೆ?

ಎಲ್ಲರ ಹತ್ತಿರ ಒಂದು ಹಾಳೆ, ಒಂದು ಪೆನ್ನು ಇದೆ ಅಲ್ವಾ? ಮೊದಲು ಒಂದು ಚಿತ್ರ ಬರೆದುಕೊಳ್ಳಿ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು 16 ಮನೆ. ಚೌಕಾಬಾರಕ್ಕೆ ಮನೆ ಬರೆಯುತ್ತೀರಲ್ಲ, ಹಾಗೇ. ಈಗ ಮೇಲಿನ ಎಡ ಮೂಲೆಯ ಮನೆಯನ್ನೂ ಕೆಳಗಿನ ಬಲ ಮೂಲೆಯ ಮನೆಯನ್ನೂ ಹೊಡೆದುಹಾಕಿ. 14 ಮನೆ ಉಳಿಯಿತು. ಇದು ನಿಮ್ಮ ಅಡುಗೆಮನೆಯ ನೆಲ ಅಂದುಕೊಳ್ಳಿ. ನಾನು ನಿಮಗೆ ಏಳು ಟೈಲ್ಸ್ ಕೊಡುತ್ತೇನೆ. ಒಂದೊಂದು ಟೈಲ್ಸೂ ಒತ್ತಿಗಿರುವ ಎರಡು ಮನೆ ಮುಚ್ಚುತ್ತದೆ. ಅಡ್ಡ ಇಡಬಹುದು, ಉದ್ದ ಇಡಬಹುದು. ಏಳೆರಡ್ಲ ಹದಿನಾಲ್ಕು, ಲೆಕ್ಕ ಸರಿಹೋಯಿತು. ಟೈಲ್ಸ್ ಕತ್ತರಿಸುವ ಹಾಗಿಲ್ಲ, ಒಂದರ ಮೇಲೊಂದು ಹತ್ತಿಸುವ ಹಾಗಿಲ್ಲ. ನೆಲ ಪೂರ್ತಿ ಮುಚ್ಚಿ ತೋರಿಸಿ. ಮುಚ್ಚಲು ಆಗುವುದೇ ಇಲ್ಲ ಅನ್ನಿಸಿದರೆ, ಯಾಕೆ ಆಗುವುದಿಲ್ಲ ಅಂತ ಹೇಳಿ.

ನಾನು ಮಾತಾಡುತ್ತಿರುತ್ತೇನೆ, ನೀವು ಗೀಚುತ್ತಿರಿ. ಉತ್ತರ ಸಿಕ್ಕವರು ದಯವಿಟ್ಟು ಪಕ್ಕದವರಿಗೆ ಹೇಳಬೇಡಿ. ಇವತ್ತಿನ ಮಾತಿನ ಅರ್ಧ ಆ ಹಾಳೆಯ ಮೇಲೇ ನಡೆಯುತ್ತದೆ.

ಲೆಕ್ಕ, ಮಿದುಳು ಎರಡನ್ನೂ ಒಟ್ಟಿಗೆ ಹೇಳಿದರೆ ನಮಗೆ ಮೊದಲು ನೆನಪಾಗುವುದು ಶಕುಂತಲಾ ದೇವಿ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಪ್ಪ ಸರ್ಕಸ್ಸಿನಲ್ಲಿದ್ದರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ 13 ಅಂಕಿಗಳ ಎರಡು ಸಂಖ್ಯೆ ಕೊಟ್ಟರು. ಎರಡನ್ನೂ ಗುಣಿಸಿ 26 ಅಂಕಿಗಳ ಉತ್ತರ ಹೇಳಲು ಅವರು ತೆಗೆದುಕೊಂಡದ್ದು 28 ಸೆಕೆಂಡ್.

ಇಂಥವರ ಮಿದುಳು ನಮ್ಮದಕ್ಕಿಂತ ಜೋರಾಗಿ ಓಡುತ್ತಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಅಳೆದು ನೋಡಿದರು. 6,16,29,875ರ ಘನಮೂಲ ಎಷ್ಟು ಅಂತ ಕೇಳಿ, ಅವರು ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಷ್ಟರಲ್ಲಿ ಶಕುಂತಲಾ ದೇವಿ 395 ಅಂತ ಹೇಳಿ ಆಗಿತ್ತು. ಆಮೇಲೆ ಬೇರೆ ಥರದ ಪರೀಕ್ಷೆ. ದೀಪ ಹತ್ತಿದ ಕೂಡಲೇ ಗುಂಡಿ ಒತ್ತಬೇಕು, ಈಗ ತೋರಿಸಿದ ಅಂಕಿ ಮೊದಲಿನ ಪಟ್ಟಿಯಲ್ಲಿತ್ತೋ ಇಲ್ಲವೋ ಹೇಳಬೇಕು, ಇಂಥವು. ಇಲ್ಲಿ ಅವರ ವೇಗ ಏನೂ ವಿಶೇಷವಿರಲಿಲ್ಲ. ನಮ್ಮ ನಿಮ್ಮ ಹಾಗೇ.

ಅಂದರೆ ಯಂತ್ರ ಅದೇ, ಅದರೊಳಗೆ ತುಂಬಿದ್ದು ಬೇರೆ. ಮೂರು ವರ್ಷದ ಮಗುವಾಗಿದ್ದಾಗಿನಿಂದ ಅವರು ಸಂಖ್ಯೆಗಳ ಜೊತೆಗೇ ಬೆಳೆದವರು. ನಮಗೆ 395 ಅಂದರೆ ಮೂರು ಅಂಕಿ. ಅವರಿಗೆ ಅದು ಪಕ್ಕದ ಮನೆಯವರ ಮುಖ. ಮುಖ ನೋಡಿದಾಗ ನಾವು ಮೂಗು, ಕಣ್ಣು, ಹಣೆ ಅಂತ ಎಣಿಸಿ ಗುರುತು ಹಿಡಿಯುವುದಿಲ್ಲವಲ್ಲ.

ಈ ಮಾತನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಚೆಸ್ ಆಟಗಾರರಿಗೆ ಒಂದು ಮಣೆಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿಬಿಟ್ಟರು. ನಿಜವಾದ ಆಟದ ಮಣೆಯಾದರೆ ನುರಿತವರು ಹೆಚ್ಚಿನ ಕಾಯಿಗಳನ್ನು ಸರಿಯಾಗಿ ಮರಳಿ ಇಟ್ಟರು. ಹೊಸಬರಿಗೆ ನಾಲ್ಕೈದು ಕಾಯಿ ನೆನಪಿದ್ದರೆ ಹೆಚ್ಚು. ಆದರೆ ಕಾಯಿಗಳನ್ನು ಸುಮ್ನೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರೆ ಇಬ್ಬರೂ ಒಂದೇ. ನುರಿತವರ ನೆನಪಿನ ಚೀಲ ದೊಡ್ಡದಲ್ಲ. ಅವರು ಬಿಡಿ ಎಲೆಗಳನ್ನು ತುಂಬುವುದಿಲ್ಲ, ಸೊಪ್ಪಿನ ಕಟ್ಟು ಕಟ್ಟಿ ತುಂಬುತ್ತಾರೆ.

ಬೋರ್ಡಿನ ಮೇಲೆ 'ಎಕ್ಸ್ ಸ್ಕ್ವೇರ್ ಪ್ಲಸ್ ಆರು ಎಕ್ಸ್ ಪ್ಲಸ್ ಒಂಬತ್ತು' ಅಂತ ಬರೆದರೆ ಒಂಬತ್ತನೇ ಕ್ಲಾಸಿನ ಮಗು ಐದಾರು ವಸ್ತು ನೋಡುತ್ತದೆ. ನಾನು ನೋಡುವುದು ಒಂದೇ ವಸ್ತು, 'ಎಕ್ಸ್ ಪ್ಲಸ್ ಮೂರರ ವರ್ಗ'. ಇದನ್ನು ಜಾಣತನ ಅನ್ನಬೇಡಿ. 31 ವರ್ಷ ಪಿಯುಸಿ ಮಕ್ಕಳಿಗೆ ಪಾಠ ಹೇಳಿ ಹೇಳಿ ಕಟ್ಟಿದ ಕಟ್ಟು ಅದು. ಒಂದು ಹೊತ್ತಿಗೆ ಮನಸ್ಸಿನಲ್ಲಿ ನಾಲ್ಕು ಸಂಗತಿಗಿಂತ ಜಾಸ್ತಿ ಹಿಡಿದಿಟ್ಟುಕೊಳ್ಳುವುದು ಕಷ್ಟ ಎಂದು ಈಗಿನ ಸಂಶೋಧಕರು ಹೇಳುತ್ತಾರೆ. ಆ ನಾಲ್ಕು ಅಂದರೆ ನಾಲ್ಕು ಎಲೆಯೋ, ನಾಲ್ಕು ಕಟ್ಟೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಈಗ ನಮ್ಮ ಭಾಷೆಯ ಒಂದು ಚೆಂದದ ಪದ ನೋಡಿ. ಬಾಯಿಪಾಠ. ಮಗ್ಗಿಯನ್ನು ನಾವು ಬಾಯಿಪಾಠ ಮಾಡುತ್ತೇವೆ. ಏಳೆಂಟ್ಲ ಐವತ್ತಾರು. ಇಲ್ಲಿ ನೀವು ಲೆಕ್ಕ ಮಾಡುತ್ತಿಲ್ಲ, ಹಾಡಿನ ಒಂದು ಸಾಲು ಹೇಳುತ್ತಿದ್ದೀರಿ. ಮಿದುಳೂ ಹಾಗೇ ಇಟ್ಟುಕೊಂಡಿರುತ್ತದೆ, ಮಾತಿನ ಜೊತೆ. 1999ರಲ್ಲಿ ಸ್ಟಾನಿಸ್ಲಾಸ್ ದೆಹಾನ್, ಎಲಿಜಬೆತ್ ಸ್ಪೆಲ್ಕಿ ಮತ್ತವರ ಜೊತೆಗಾರರು ರಷ್ಯನ್, ಇಂಗ್ಲಿಷ್ ಎರಡೂ ಬರುವವರಿಗೆ ಹೊಸ ಕೂಡುವ ಲೆಕ್ಕ ಕಲಿಸಿದರು. ಕರಾರುವಾಕ್ಕಾದ ಉತ್ತರ ಬೇಕಿದ್ದಾಗ, ಕಲಿತ ಭಾಷೆಯಲ್ಲಿ ಕೇಳಿದರೆ ಬೇಗ ಬಂತು, ಇನ್ನೊಂದು ಭಾಷೆಯಲ್ಲಿ ಕೇಳಿದರೆ ತಡವಾಯಿತು. ಆದರೆ 'ಸುಮಾರು ಎಷ್ಟು?' ಅಂತ ಕೇಳಿದರೆ ಭಾಷೆಯಿಂದ ಏನೂ ವ್ಯತ್ಯಾಸವಾಗಲಿಲ್ಲ.

ನನ್ನ ತಂಗಿ ಅಮೆರಿಕಕ್ಕೆ ಹೋಗಿ 20 ವರ್ಷ ದಾಟಿತು. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲಾ ಇಂಗ್ಲಿಷೇ. ಅಂಗಡಿಯ ಬಿಲ್ಲು ಕೈಗೆ ಬಂದಾಗ ಮಾತ್ರ ತುಟಿ ಅಲ್ಲಾಡುತ್ತದೆ. ಆರೇಳ್ಲ ನಲವತ್ತೆರಡು. ಮಕ್ಕಳು ಅಮ್ಮ ಮಂತ್ರ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾರಂತೆ. ಮಗ್ಗಿ ಕಲಿತದ್ದು ಕನ್ನಡ ಶಾಲೆಯ ಜಗುಲಿಯ ಮೇಲೆ ಕೂತು. ಅದು ಆ ಬಾಯಿಯಲ್ಲೇ ಉಳಿದಿದೆ.

ಹಾಗಾದರೆ ಗಣಿತ ಪೂರ್ತಿ ಮಾತಿನ ಕೆಲಸವೇ? ನಾವು ಪ್ರಮೇಯ ಬರೆಯುವುದು ವಾಕ್ಯದಲ್ಲಿ. ಸಮೀಕರಣಕ್ಕೂ ವ್ಯಾಕರಣ ಇದೆ. ಯೋಚನೆಯೂ ಮಾತಿನಲ್ಲೇ ನಡೆಯಬೇಕು ಅಂತ ತುಂಬಾ ದೊಡ್ಡ ದೊಡ್ಡವರು ನಂಬಿದ್ದರು. ಆದರೆ 2005ರಲ್ಲಿ ಇಂಗ್ಲೆಂಡಿನ ರೋಸ್‌ಮೇರಿ ವಾರ್ಲಿ ಮತ್ತವರ ತಂಡ ಮೂವರು ರೋಗಿಗಳ ಬಗ್ಗೆ ಬರೆದರು. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಅವರ ಭಾಷೆ ಹೆಚ್ಚುಕಡಿಮೆ ಹೋಗಿಬಿಟ್ಟಿತ್ತು. 'ಮನುಷ್ಯ ಸಿಂಹವನ್ನು ಕೊಂದ', 'ಸಿಂಹ ಮನುಷ್ಯನನ್ನು ಕೊಂದಿತು', ಇಂಥ ಎರಡು ವಾಕ್ಯದ ನಡುವಿನ ವ್ಯತ್ಯಾಸವೇ ತಿಳಿಯದ ಸ್ಥಿತಿ. ಅದೇ ಜನ 59ರಲ್ಲಿ 13 ಕಳೆಯುವುದಕ್ಕೂ 13ರಲ್ಲಿ 59 ಕಳೆಯುವುದಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಹಿಡಿದರು. ಆವರಣ, ಅಂದರೆ ಬ್ರ್ಯಾಕೆಟ್, ಇರುವ ಲೆಕ್ಕಗಳನ್ನೂ ಮಾಡಿದರು. ಒಬ್ಬ ಮನುಷ್ಯನಿಗೆ ವಾಕ್ಯದ ಕರ್ತೃ, ಕರ್ಮ ಹೋಗಿಬಿಡುತ್ತದೆ, ಆದರೆ ಆವರಣದ ಒಳಗು ಹೊರಗು ಉಳಿಯುತ್ತದೆ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅದು ಪ್ರೈಮರಿ ಶಾಲೆಯ ಗಣಿತ. ದೊಡ್ಡ ಗಣಿತದ ಕತೆ ಏನು? ಇಲ್ಲಿ ನಾನು ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಇವತ್ತು ನಿಮಗೆ ಹೇಳಲೇಬೇಕು ಅಂತ ಬಂದದ್ದು ಇದನ್ನು.

2016ರಲ್ಲಿ ಮೇರಿ ಅಮಲ್ರಿಕ್ ಮತ್ತು ಅದೇ ದೆಹಾನ್ ಫ್ರಾನ್ಸಿನಲ್ಲಿ ನಡೆಸಿದ ಒಂದು ಅಧ್ಯಯನ ಹೊರಗೆ ಬಂತು. 15 ಜನ ವೃತ್ತಿಪರ ಗಣಿತಜ್ಞರು. ಅಷ್ಟೇ ಓದಿದ, ಆದರೆ ಗಣಿತ ಓದದ ಇನ್ನೂ 15 ಜನ. ಒಬ್ಬೊಬ್ಬರನ್ನೂ ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಕಿವಿಗೆ ಒಂದು ವಾಕ್ಯ ಕೇಳಿಸುತ್ತದೆ. ನಾಲ್ಕು ಸೆಕೆಂಡ್ ಯೋಚಿಸಿ ಹೇಳಬೇಕು, ಇದು ನಿಜವೋ, ಸುಳ್ಳೋ, ಅರ್ಥವೇ ಇಲ್ಲದ್ದೋ. ಕೆಲವು ವಾಕ್ಯ ಬೀಜಗಣಿತದವು, ಕೆಲವು ರೇಖಾಗಣಿತದವು, ಕೆಲವು ಕಲನಶಾಸ್ತ್ರದವು, ಕೆಲವು ಆಕಾರಗಳನ್ನು ಹರಿಯದೆ ಎಳೆದು ಬಗ್ಗಿಸಿ ನೋಡುವ ಟೋಪಾಲಜಿಯವು. ನಡುನಡುವೆ ಇತಿಹಾಸದಂಥ ಗಣಿತವಲ್ಲದ ವಾಕ್ಯಗಳು.

ಇತಿಹಾಸದ ವಾಕ್ಯ ಕೇಳಿದಾಗ ಎರಡೂ ಗುಂಪಿನವರ ಮಿದುಳಿನಲ್ಲಿ ಮಾತಿಗೆ, ಅರ್ಥಕ್ಕೆ ಸಂಬಂಧಪಟ್ಟ ಜಾಗಗಳೇ ಕೆಲಸ ಮಾಡಿದವು. ಗಣಿತದ ವಾಕ್ಯ ಕೇಳಿದಾಗ ಗಣಿತಜ್ಞರ ಮಿದುಳು ಬೇರೆ ದಾರಿ ಹಿಡಿಯಿತು. ನಿಮ್ಮ ಎರಡೂ ಕೈ ಎತ್ತಿ ಕಿವಿಯ ಮೇಲೆ ಇಡಿ. ಅಲ್ಲಿಂದ ಸ್ವಲ್ಪ ಹಿಂದಕ್ಕೆ, ನೆತ್ತಿಯ ಕಡೆಗೆ ಜಾರಿಸಿ. ಅಲ್ಲಿ, ಮೂಳೆಯ ಒಳಗೆ, ಮಿದುಳಿನಲ್ಲಿ ಒಂದು ಆಳವಾದ ಮಡಿಕೆ ಇದೆ. ಎಡಕ್ಕೊಂದು, ಬಲಕ್ಕೊಂದು. ಆ ಮಡಿಕೆ, ಅದರ ಜೊತೆ ಕಿವಿಯ ಕೆಳಮಟ್ಟದ ಒಂದು ಭಾಗ, ಹಣೆಯ ಹಿಂದಿನ ಒಂದಷ್ಟು ಜಾಗ, ಇವೆಲ್ಲ ಒಟ್ಟಿಗೆ ಎದ್ದವು. ಬೀಜಗಣಿತಕ್ಕೂ ಅವೇ, ರೇಖಾಗಣಿತಕ್ಕೂ ಹೆಚ್ಚುಕಡಿಮೆ ಅವೇ. ಮಾತಿನ ಜಾಗ ಸುಮ್ಮನಿತ್ತು. ಗಣಿತ ಓದದವರಿಗೆ ಅದೇ ವಾಕ್ಯ ಕೇಳಿಸಿದಾಗ ಈ ಜಾಲ ಏಳಲೇ ಇಲ್ಲ. ಅವರಿಗೆ ಅದು ಬರೀ ಮಾತು, ಅರ್ಥವಾಗದ ಮಾತು.

'ತಲೆಗೆ ಹೋಗಲಿಲ್ಲ' ಅಂತೀವಲ್ಲ, ಆ ಮಾತು ಎಷ್ಟು ನಿಜ ನೋಡಿ. ಕಿವಿಗೆ ಹೋಯಿತು, ಹೋಗಬೇಕಾದ ಜಾಗಕ್ಕೆ ಹೋಗಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಆ ಮಡಿಕೆ ಗಣಿತಜ್ಞರ ಸ್ವಂತ ಆಸ್ತಿ ಅಲ್ಲ. ಎಲ್ಲರಿಗೂ ಇದೆ. ಮಾರುಕಟ್ಟೆಯಲ್ಲಿ ಎರಡು ಗುಡ್ಡೆ ಟೊಮೆಟೊ ನೋಡಿ ಯಾವುದು ದೊಡ್ಡದು ಅಂತ ಹೇಳುವಾಗ ನೀವು ಬಳಸುವುದೂ ಅದನ್ನೇ. ಏಳಕ್ಕೆ ಐದು ಕೂಡಿಸುವಾಗಲೂ ಅದೇ. ಆರು ತಿಂಗಳ ಮಗುವಿಗೆ 8 ಚುಕ್ಕಿಗೂ 16 ಚುಕ್ಕಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ, ಮಾತು ಬರುವುದಕ್ಕೆ ಎಷ್ಟೋ ಮುಂಚೆ. ಹಾಗಾಗಿ ಅತಿ ಕಠಿಣ ಗಣಿತ ಅಂತ ನಾವು ಕರೆಯುವುದು ಈ ಹಳೆಯ ಅಡಿಪಾಯದ ಮೇಲೆ ಎಬ್ಬಿಸಿದ ಮನೆ. ಅಡಿಪಾಯ ಹುಟ್ಟುತ್ತಲೇ ಬರುತ್ತದೆ. ಗೋಡೆ ಕಟ್ಟಬೇಕು. ನನ್ನ ಹತ್ತಿರ ಬಂದು 'ಮೇಡಂ, ನನ್ನ ಮಗಳಿಗೆ ಗಣಿತದ ತಲೆ ಇಲ್ಲ' ಅನ್ನುವ ಅಪ್ಪ ಅಮ್ಮಂದಿರಿಗೆ ನಾನು ಇದನ್ನೇ ಹೇಳುತ್ತೇನೆ. ತಲೆ ಇದೆ ಅಮ್ಮಾ. ಗೋಡೆ ಇನ್ನೂ ಎದ್ದಿಲ್ಲ.

ಕಣ್ಣು ಕಾಣದ ಗಣಿತಜ್ಞರಲ್ಲಿ ಏನಾಗುತ್ತದೆ ಅನ್ನುವ ಪ್ರಶ್ನೆ ಸಹಜವಾಗಿ ಬರುತ್ತದೆ. ಅಮಲ್ರಿಕ್ ಅವರ ತಂಡ 2018ರಲ್ಲಿ ಅಂಥ ಮೂವರನ್ನು ಪರೀಕ್ಷಿಸಿತು. ಅದೇ ಮಡಿಕೆ, ಅದೇ ಜಾಲ. ಅಂದರೆ ಇದು ಕಣ್ಣಿನಿಂದ ಬಂದ ಚಿತ್ರವಲ್ಲ. ಫ್ರಾನ್ಸಿನ ಬರ್ನಾರ್ ಮೊರಾಂ ಎಂಬ ಗಣಿತಜ್ಞ ಆರನೇ ವಯಸ್ಸಿಗೇ ಕಣ್ಣು ಕಳೆದುಕೊಂಡವರು. ಗೋಳವೊಂದನ್ನು ಹರಿಯದೆ, ಮಡಿಕೆಯ ಗೆರೆ ಬೀಳದೆ, ಒಳಮೈ ಹೊರಗೆ ಬರುವಂತೆ ತಿರುಗಿಸಬಹುದು ಅಂತ ಅಮೆರಿಕದ ಗಣಿತಜ್ಞ ಸ್ಟೀಫನ್ ಸ್ಮೇಲ್ 1950ರ ದಶಕದಲ್ಲಿ ಸಾಧಿಸಿದ್ದರು. ಮೇಲ್ಮೈ ತನ್ನನ್ನು ತಾನೇ ದಾಟಿ ಹೋಗಬಹುದು ಅನ್ನುವ ಷರತ್ತಿನಲ್ಲಿ. ಅದು ಹಂತ ಹಂತವಾಗಿ ಹೇಗೆ ತಿರುಗುತ್ತದೆ ಅಂತ ಸ್ಪಷ್ಟವಾಗಿ ತೋರಿಸಿದ ಮೊದಲಿಗರಲ್ಲಿ ಮೊರಾಂ ಒಬ್ಬರು. ಜೇಡಿಮಣ್ಣಿನಲ್ಲಿ ಮಾದರಿ ಮಾಡಿ ತೋರಿಸಿದರು. ಕಣ್ಣಿದ್ದವರಿಗೆ ಕಾಣದ ಆಕಾರ ಅವರ ಬೆರಳಿಗೆ ಗೊತ್ತಿತ್ತು.

ಹಾಳೆ ಎಲ್ಲಿಗೆ ಬಂತು? ಆರು ಟೈಲ್ಸ್ ಕೂತು, ಎರಡು ಬಿಡಿ ಮನೆ ದೂರ ದೂರ ಉಳಿದುಬಿಡುತ್ತಿದೆಯಾ? ಎಲ್ಲರಿಗೂ ಹಾಗೇ ಆಗುತ್ತಿದೆ ಅಂತ ಕಾಣುತ್ತದೆ. ಗೀಚಿದ್ದನ್ನು ಒರೆಸಬೇಡಿ. ಹೊಸದಾಗಿ ಪಕ್ಕದಲ್ಲಿ ಬರೆಯಿರಿ.

ಯಾಕೆ ಹೇಳಿದೆ ಅಂದರೆ, ಮನಸ್ಸಿನಲ್ಲಿ ಹಿಡಿಯುವ ಜಾಗ ನಾಲ್ಕೇ ಅಂದೆನಲ್ಲ. ಹಾಳೆ ಇರುವುದು ಉತ್ತರ ಬರೆದು ಮೇಷ್ಟ್ರಿಗೆ ತೋರಿಸಲು ಮಾತ್ರವಲ್ಲ. ಅದು ಮಿದುಳಿನ ಹೊರಗಿನ ಜಗುಲಿ. ರಾಮಾನುಜನ್ ಹತ್ತಿರ ಹಾಳೆಗೆ ದುಡ್ಡಿರಲಿಲ್ಲ. ಸ್ಲೇಟಿನ ಮೇಲೆ ಬರೆದು, ಮೊಣಕೈಯಿಂದ ಒರೆಸಿ, ಉತ್ತರ ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅವರ ಹೆಜ್ಜೆಗಳು ಅಲ್ಲೇ ಅಳಿಸಿಹೋದವು. ಆ ಉತ್ತರಗಳು ಯಾಕೆ ಸರಿ ಅಂತ ಸಾಧಿಸಿ ಬರೆಯಲು ಆಮೇಲಿನವರು ದಶಕಗಟ್ಟಲೆ ಕೂತರು. ಇರಾನಿನ ಮರಿಯಂ ಮಿರ್ಜಾಖಾನಿ, 2014ರಲ್ಲಿ ಗಣಿತದ ಬಹು ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ, ನೆಲದ ಮೇಲೆ ದೊಡ್ಡ ದೊಡ್ಡ ಹಾಳೆ ಹಾಸಿಕೊಂಡು ಅದೇ ಆಕಾರವನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಪುಟ್ಟ ಮಗಳು, ಅಮ್ಮ ಪೇಂಟಿಂಗ್ ಮಾಡುತ್ತಿದ್ದಾಳೆ ಅಂತಿದ್ದಳಂತೆ. ನಾನು ನಿಧಾನ ಅಂತ ಅವರೇ ಹೇಳಿಕೊಳ್ಳುತ್ತಿದ್ದರು.

ನಿಧಾನ ಅನ್ನುವ ಪದವನ್ನು ಹಿಡಿದುಕೊಳ್ಳಿ, ಬರುತ್ತೇನೆ. ಅದಕ್ಕೆ ಮುಂಚೆ ಒಬ್ಬ ಹುಡುಗನ ವಿಷಯ ಹೇಳಬೇಕು.

ತುಂಬಾ ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದ. ಮೂರನೇ ಬೆಂಚಿನ ಮೂಲೆ. ಅವನ ರಫ್ ನೋಟ್ ನೋಡಿದ್ದೆ, ಚೆನ್ನಾಗಿ ಯೋಚಿಸುತ್ತಿದ್ದ. ಒಂದು ದಿನ ಬೋರ್ಡಿಗೆ ಕರೆದೆ. ಸುಲಭದ ಲೆಕ್ಕ, ಹಿಂದಿನ ದಿನ ಅವನೇ ಮಾಡಿದ್ದು. ಚಾಕ್‌ಪೀಸ್ ಹಿಡಿದು ನಿಂತ. ಬೆವರಿಗೆ ಚಾಕ್‌ಪೀಸ್ ಒದ್ದೆಯಾಗಿ ಗೆರೆ ಮೂಡಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ನೀಲಿ ಪ್ಯಾಂಟಿನ ಮೇಲೆ ಬಿಳಿ ಪಟ್ಟೆ ಬಿತ್ತು. ಕ್ಲಾಸು ನಕ್ಕಿತು. 'ಬೇಗ, ಬೇಗ' ಅಂದೆ ನಾನು. ಅವನು ಆ ವರ್ಷ ಮತ್ತೆ ಕೈ ಎತ್ತಲಿಲ್ಲ. ಆ 'ಬೇಗ' ಅನ್ನುವ ಮಾತು ನನ್ನ ಬಾಯಿಂದ ಬರಬಾರದಿತ್ತು. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಅವನ ತಲೆಯಲ್ಲಿ ಏನಾಗುತ್ತಿತ್ತು ಅಂತ ಈಗ ಸ್ವಲ್ಪ ಗೊತ್ತು. ಭಯವೂ ಅದೇ ನಾಲ್ಕು ಜಾಗದಲ್ಲಿ ಬಂದು ಕೂರುತ್ತದೆ. 'ತಪ್ಪಾದರೆ?' ಒಂದು ಜಾಗ. 'ನಗುತ್ತಿದ್ದಾರೆ' ಇನ್ನೊಂದು. ಉಳಿದ ಎರಡರಲ್ಲಿ ಲೆಕ್ಕ ಮಾಡಬೇಕು. 2012ರಲ್ಲಿ ಇಯಾನ್ ಲಯನ್ಸ್ ಮತ್ತು ಸಿಯಾನ್ ಬೈಲಾಕ್ ಗಣಿತಕ್ಕೆ ಹೆದರುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. 'ಈಗ ಲೆಕ್ಕ ಬರುತ್ತದೆ' ಅನ್ನುವ ಸೂಚನೆ ಕಂಡಾಗ, ಮೈಗೆ ನೋವಾದಾಗ ಏಳುವ ಜಾಗಗಳು ಎದ್ದವು. ಲೆಕ್ಕ ಮಾಡುತ್ತಿರುವಾಗ ಹಾಗಾಗಲಿಲ್ಲ. ನೋಯಿಸುವುದು ಲೆಕ್ಕ ಅಲ್ಲ, ಲೆಕ್ಕ ಬರುತ್ತದೆ ಅನ್ನುವ ಹೆದರಿಕೆ. ಇಲ್ಲಿ ಕೂತಿರುವ ಟೀಚರುಗಳು ದಯವಿಟ್ಟು ಇದನ್ನು ಮನೆಗೆ ತೆಗೆದುಕೊಂಡು ಹೋಗಿ.

ಈಗ ನಿಧಾನದ ವಿಷಯ.

ನಮ್ಮ ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದು ನಿಮಿಷ 20 ಸೆಕೆಂಡ್. ಅಷ್ಟರಲ್ಲಿ ಹೊಸದಾಗಿ ಯೋಚಿಸಲು ಆಗುವುದಿಲ್ಲ. ಮೊದಲೇ ಕಟ್ಟಿಟ್ಟ ಕಟ್ಟನ್ನು ಹುಡುಕಿ ತೆಗೆಯಬಹುದು, ಅಷ್ಟೇ. ಅದೂ ಬೇಕಾದ ವಿದ್ಯೆಯೇ, ನಾನು ಬೇಡ ಅನ್ನುವುದಿಲ್ಲ. ಆದರೆ ಎರಡು ವರ್ಷ ಇದೊಂದನ್ನೇ ಮಾಡಿದ ಮಗು, ಎರಡು ನಿಮಿಷದಲ್ಲಿ ದಾರಿ ಕಾಣದಿದ್ದರೆ 'ನನಗೆ ಬರಲ್ಲ' ಅಂತ ಪುಟ ತಿರುಗಿಸಿಬಿಡುತ್ತದೆ. ದೊಡ್ಡ ಗಣಿತದಲ್ಲಿ ದಾರಿ ಕಾಣದೆ ಕೂತಿರುವ ಹೊತ್ತೇ ಕೆಲಸದ ಹೊತ್ತು.

ಆನ್ರಿ ಪಾಂಕರೆ ಅಂತ ಫ್ರಾನ್ಸಿನ ಮಹಾ ಗಣಿತಜ್ಞ. ತನ್ನ ತಲೆಯೊಳಗೆ ಏನಾಯಿತು ಅಂತ 1908ರಲ್ಲಿ ಪ್ಯಾರಿಸ್ಸಿನ ಮನಶ್ಶಾಸ್ತ್ರಜ್ಞರ ಮುಂದೆ ಬಿಡಿಸಿ ಹೇಳಿದರು. ಒಂದು ಬಗೆಯ ಫಲನಗಳು, ಅಂದರೆ ಫಂಕ್ಷನ್‌ಗಳು, ಇರಲು ಸಾಧ್ಯವೇ ಇಲ್ಲ ಅಂತ ಸಾಧಿಸಲು ಅವರು 15 ದಿನ ಒದ್ದಾಡಿದ್ದರು. ದಿನಾ ಒಂದೆರಡು ಗಂಟೆ ಮೇಜಿನ ಮುಂದೆ ಕೂರುವುದು, ಏನೂ ಸಿಗದೆ ಏಳುವುದು. ಒಂದು ರಾತ್ರಿ ಅಭ್ಯಾಸವಿಲ್ಲದೆ ಹಾಲಿಲ್ಲದ ಕಾಫಿ ಕುಡಿದರು, ನಿದ್ದೆ ಬರಲಿಲ್ಲ. ತಲೆ ತುಂಬಾ ವಿಚಾರಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಬೆಳಗಾಗುವಷ್ಟರಲ್ಲಿ ಅಂಥ ಫಲನಗಳು ಇವೆ ಅಂತಲೇ ಖಾತ್ರಿಯಾಯಿತು. ಆಮೇಲೆ ಭೂವಿಜ್ಞಾನದ ಪ್ರವಾಸಕ್ಕೆ ಹೋದರು. ಗಣಿತ ಮರೆತೇಹೋಗಿತ್ತು. ಕುತಾಂಸ್ ಎಂಬ ಊರಿನಲ್ಲಿ ಗಾಡಿ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟರು. ಆ ಕಾಲಿಟ್ಟ ಕ್ಷಣದಲ್ಲಿ ಮುಂದಿನ ಹೆಜ್ಜೆ ಹೊಳೆಯಿತು. ಈ ಫಲನಗಳಲ್ಲಿ ಬಳಸಿದ ಪರಿವರ್ತನೆಗಳೂ ಯೂಕ್ಲಿಡನದಲ್ಲದ, ಅಂದರೆ ನಾವು ಶಾಲೆಯಲ್ಲಿ ಕಲಿಯುವಂಥದ್ದಲ್ಲದ ರೇಖಾಗಣಿತದ ಪರಿವರ್ತನೆಗಳೂ ಒಂದೇ. ಸೀಟಿನಲ್ಲಿ ಕೂತು ಮೊದಲಿನ ಮಾತುಕತೆ ಮುಂದುವರಿಸಿದರು. ಊರಿಗೆ ಬಂದ ಮೇಲೆ ಸರಿಯಿದೆಯಾ ಅಂತ ಪರೀಕ್ಷಿಸಿದರು.

'ಹೊಳೆಯಿತು' ಅಂದೆ ನೋಡಿ. ಕನ್ನಡದಲ್ಲಿ 'ನಾನು ಹೊಳೆದೆ' ಅನ್ನುವುದಿಲ್ಲ. 'ನನಗೆ ಹೊಳೆಯಿತು'. ಹಸಿವಾಯಿತು, ನಿದ್ದೆ ಬಂತು, ನೆನಪಾಯಿತು, ಅದೇ ಸಾಲಿಗೆ ಹೊಳೆಯುವುದೂ ಸೇರಿದೆ. ನಾವು ಮಾಡುವುದಲ್ಲ, ನಮಗೆ ಆಗುವುದು. ಮಿದುಳಿನ ಈ ಗುಟ್ಟು ನಮ್ಮ ವಿಭಕ್ತಿ ಪ್ರತ್ಯಯಕ್ಕೆ ಮೊದಲೇ ಗೊತ್ತಿತ್ತು ಅಂತ ನನಗೆ ಖುಷಿ.

ಇತ್ತೀಚಿನವರಲ್ಲಿ ಯಿಟಾಂಗ್ ಝಾಂಗ್. ಚೀನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಪಿಎಚ್‌ಡಿ ಆದ ಮೇಲೂ ವರ್ಷಗಟ್ಟಲೆ ಸರಿಯಾದ ಕೆಲಸ ಸಿಗದೆ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿದವರು. ಅವಿಭಾಜ್ಯ ಸಂಖ್ಯೆಗಳ ನಡುವಿನ ಅಂತರದ ಸಮಸ್ಯೆಯನ್ನು ವರ್ಷಗಟ್ಟಲೆ ತಲೆಯಲ್ಲಿ ಹೊತ್ತುಕೊಂಡು ತಿರುಗಿದರು. 2012ರ ಜುಲೈ, ಕೊಲೊರಾಡೋದಲ್ಲಿ ಸ್ನೇಹಿತರ ಮನೆ. ಹಿತ್ತಲಿಗೆ ಜಿಂಕೆ ಬರುತ್ತವೆ, ನೋಡೋಣ ಅಂತ ಹೋಗಿ ಓಡಾಡುತ್ತಿದ್ದರು. ಜಿಂಕೆ ಬರಲಿಲ್ಲ, ದಾರಿ ಹೊಳೆಯಿತು. 7 ಕೋಟಿಗಿಂತ ಕಡಿಮೆ ಅಂತರ ಇರುವ ಅವಿಭಾಜ್ಯ ಜೋಡಿಗಳು ಎಂದಿಗೂ ಮುಗಿಯುವುದಿಲ್ಲ ಅಂತ 2013ರಲ್ಲಿ ಜಗತ್ತಿಗೆ ತಿಳಿಯಿತು. ಅಂತರ ಎಷ್ಟಾದರೂ ಇರಲಿ, ಹೀಗೊಂದು ಮಿತಿ ಇದೆ ಅಂತ ಅದುವರೆಗೆ ಯಾರೂ ಸಾಧಿಸಿರಲಿಲ್ಲ. ಆಗ ಅವರಿಗೆ 57 ದಾಟಿತ್ತು. ಗಣಿತ ಹುಡುಗರ ಆಟ, 30 ದಾಟಿದರೆ ಮುಗಿಯಿತು ಅನ್ನುವವರಿಗೆ ನಾನು ಇವರ ಹೆಸರು ಹೇಳುತ್ತೇನೆ.

ಇಂಥ ಕತೆ ಕೇಳಿ ಮಕ್ಕಳು 'ಹಾಗಾದ್ರೆ ಮಲಗಿಬಿಡೋಣ ಮೇಡಂ' ಅಂತಾರೆ. ನಿದ್ದೆಯ ಬಗ್ಗೆ ನಿಜವಾಗಿ ಒಂದು ಒಳ್ಳೆಯ ಪ್ರಯೋಗ ಇದೆ. 2004ರಲ್ಲಿ ಜರ್ಮನಿಯಲ್ಲಿ ಉಲ್ರಿಖ್ ವಾಗ್ನರ್, ಯಾನ್ ಬಾರ್ನ್ ಮೊದಲಾದವರು ಮಾಡಿದ್ದು. ಅಂಕಿಗಳ ಒಂದು ಸಾಲು ಕೊಟ್ಟು, ಎರಡು ನಿಯಮ ಹೇಳಿ, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಅಂದರು. ಅದರಲ್ಲಿ ಒಂದು ಅಡ್ಡದಾರಿ ಇತ್ತು, ಅದನ್ನು ಹೇಳಿರಲಿಲ್ಲ. ಸ್ವಲ್ಪ ಹೊತ್ತು ಮಾಡಿಸಿ ಬಿಟ್ಟರು. ಎಂಟು ಗಂಟೆ ಬಿಟ್ಟು ಮತ್ತೆ ಕೂರಿಸಿದರು. ನಡುವೆ ಮಲಗಿದ್ದವರಲ್ಲಿ, ಎಚ್ಚರವಿದ್ದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಜನಕ್ಕೆ ಅಡ್ಡದಾರಿ ಹೊಳೆಯಿತು. ಆದರೆ ಇನ್ನೊಂದು ಗುಂಪು ಇತ್ತು. ಅವರು ಮೊದಲು ಲೆಕ್ಕದ ಮುಖವನ್ನೇ ನೋಡದೆ ಚೆನ್ನಾಗಿ ನಿದ್ದೆ ಮಾಡಿ ಬಂದು ಕೂತವರು. ಅವರಿಗೆ ನಿದ್ದೆಯಿಂದ ಏನೂ ಪ್ರಯೋಜನವಾಗಲಿಲ್ಲ.

ಹಿಟ್ಟು ರುಬ್ಬಿಟ್ಟರೆ ರಾತ್ರಿ ತಾನಾಗಿ ಉಬ್ಬುತ್ತದೆ. ಬರೀ ಪಾತ್ರೆ ಮುಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಬರೀ ಪಾತ್ರೆಯೇ ಇರುತ್ತದೆ. ಪಾಂಕರೆಯವರ ಆ 15 ದಿನ ವ್ಯರ್ಥವಾಗಿರಲಿಲ್ಲ. ರುಬ್ಬಿದ್ದು ಅದೇ.

ಸರಿ, ಈಗ ಹಾಳೆ ಎತ್ತಿ. ಟೈಲ್ಸ್ ಪೂರ್ತಿ ಕೂರಿಸಿದವರು ಯಾರಾದರೂ ಇದ್ದೀರಾ? ಇಲ್ಲ. ಆಗುವುದಿಲ್ಲ ಅಂತ ಅನ್ನಿಸಿದವರು? ತುಂಬಾ ಜನ. ಯಾಕೆ ಅಂತ ಹೇಳಬಲ್ಲವರು? ಹಿಂದಿನ ಸಾಲಿನಲ್ಲಿ ಒಬ್ಬಳು ಕೈ ಎತ್ತಿದ್ದಾಳೆ. ತಡೆಯಮ್ಮಾ, ಒಂದೇ ನಿಮಿಷ.

ಎಲ್ಲರೂ ನಿಮ್ಮ ಚೌಕಕ್ಕೆ ಬಣ್ಣ ಹಾಕಿ. ಚೆಸ್ ಮಣೆಯ ಹಾಗೆ ಒಂದು ಕರಿ, ಒಂದು ಬಿಳಿ. ಈಗ ಒಂದು ಟೈಲ್ಸ್ ಎಲ್ಲಿ ಬೇಕಾದರೂ ಇಡಿ. ಅದರ ಕೆಳಗೆ ಏನಿದೆ? ಒಂದು ಕರಿ, ಒಂದು ಬಿಳಿ. ಯಾವಾಗಲೂ. ಈಗ ಹೊಡೆದುಹಾಕಿದ ಎರಡು ಮೂಲೆ ನೋಡಿ. ಹೇಳಮ್ಮಾ, ಯಾವ ಬಣ್ಣ? ಎರಡೂ ಒಂದೇ ಬಣ್ಣ. ಹಾಗಾಗಿ ಉಳಿದದ್ದರಲ್ಲಿ ಒಂದು ಬಣ್ಣ 8, ಇನ್ನೊಂದು 6. ಏಳು ಟೈಲ್ಸ್ ಕೂರಬೇಕಾದರೆ ಏಳು ಕರಿ, ಏಳು ಬಿಳಿ ಬೇಕು. ಮುಗಿಯಿತು. ಕೊನೆಗೆ ದೂರ ದೂರ ಉಳಿಯುತ್ತಿದ್ದ ಆ ಎರಡು ಮನೆ ಯಾವ ಬಣ್ಣದವು ಅಂತ ಈಗ ನೋಡಿಕೊಳ್ಳಿ.

ಈಗ ಕೇಳಿಸಿತಲ್ಲ 'ಓ' ಅನ್ನುವ ಶಬ್ದ, ಇಡೀ ಸಭೆಯಿಂದ? ನಾನು ಪಾಠ ಮಾಡಿದ್ದೇ ಈ ಶಬ್ದಕ್ಕಾಗಿ.

ಇದರ 8 ಅಡ್ಡ, 8 ಉದ್ದದ ರೂಪವನ್ನು ಕ್ರೇಗ್ ಕ್ಯಾಪ್ಲನ್ ಮತ್ತು ಅದೇ ಹರ್ಬರ್ಟ್ ಸೈಮನ್ 1990ರಲ್ಲಿ ಜನರಿಗೆ ಕೊಟ್ಟು ನೋಡಿದರು. ಒಬ್ಬ ವಿದ್ಯಾರ್ಥಿ 18 ಗಂಟೆ ಕೂತು 61 ಪುಟ ತುಂಬಿಸಿದರೂ ಬಿಡಿಸಲಾಗಲಿಲ್ಲ. ಶ್ರಮಕ್ಕೆ ಕೊರತೆ ಇರಲಿಲ್ಲ. ಅವನು ಟೈಲ್ಸ್ ಜೋಡಿಸುತ್ತಲೇ ಇದ್ದ, ಮನೆಗಳನ್ನು ನೋಡಲಿಲ್ಲ. ಬಣ್ಣ ಹಾಕಿದ ಮಣೆ ಕೊಟ್ಟಾಗ ಜನರಿಗೆ ಬೇಗ ಹೊಳೆಯಿತು. ಬಣ್ಣದ ಬದಲು ಮನೆಗಳಲ್ಲಿ 'ಬ್ರೆಡ್', 'ಬೆಣ್ಣೆ' ಅಂತ ಒಂದು ಬಿಟ್ಟು ಒಂದು ಬರೆದು ಕೊಟ್ಟಾಗ ಇನ್ನೂ ಬೇಗ, ಯಾಕೆಂದರೆ ಜೋಡಿ ಅನ್ನುವುದು ಆ ಪದಗಳಲ್ಲೇ ಇದೆ. ನಾವಾದರೆ 'ಇಡ್ಲಿ', 'ಚಟ್ನಿ' ಅಂತ ಬರೆಯಬಹುದಿತ್ತು. ಹಾಗಾಗಿ ಸಿಕ್ಕಿಹಾಕಿಕೊಂಡಾಗ ಜಾಸ್ತಿ ಒತ್ತುವುದರಿಂದ ಮಾತ್ರ ಆಗುವುದಿಲ್ಲ. ಪ್ರತಿ ಸಲವೂ ಸೋಲು ಒಂದೇ ಥರ ಇದೆಯಾ ಅಂತ ನೋಡಬೇಕು. ನೀವು ಒರೆಸದೆ ಇಟ್ಟ ಗೀಚುಗಳನ್ನೆಲ್ಲ ಒಟ್ಟಿಗೆ ಇಟ್ಟರೆ, ಪ್ರತಿಯೊಂದರಲ್ಲೂ ಕೊನೆಗೆ ಉಳಿದದ್ದು ಒಂದೇ ಬಣ್ಣದ ಎರಡು ಮನೆ. ಉತ್ತರ ನಿಮ್ಮ ಸೋತ ಹಾಳೆಗಳಲ್ಲೇ ಇತ್ತು.

ಆ 'ಓ' ಬಗ್ಗೆ ಇನ್ನೊಂದು ಮಾತು. ಲಂಡನ್ನಿನಲ್ಲಿ ಸೆಮಿರ್ ಜೆಕಿ ಎಂಬ ನರವಿಜ್ಞಾನಿ, ಮೈಕೆಲ್ ಅಟಿಯಾ ಎಂಬ ಗಣಿತಜ್ಞ ಮತ್ತಿಬ್ಬರು ಸೇರಿ 2014ರಲ್ಲಿ 15 ಗಣಿತಜ್ಞರಿಗೆ 60 ಸೂತ್ರ ತೋರಿಸಿ, ಯಾವುದು ಚೆಂದ, ಯಾವುದು ಚೆಂದ ಇಲ್ಲ ಅಂತ ಕೇಳಿ, ಮಿದುಳನ್ನೂ ಸ್ಕ್ಯಾನ್ ಮಾಡಿದರು. ಚೆಂದದ ಸೂತ್ರ ಕಂಡಾಗ ಎದ್ದ ಜಾಗ ಹುಬ್ಬುಗಳ ನಡುವಿನ ಹಿಂಭಾಗ. ಒಳ್ಳೆಯ ಸಂಗೀತ ಕೇಳಿದಾಗ, ಒಳ್ಳೆಯ ಚಿತ್ರ ನೋಡಿದಾಗ ಏಳುವುದೂ ಅದೇ ಜಾಗ. ಎಲ್ಲಕ್ಕಿಂತ ಚೆಂದ ಅನ್ನಿಸಿಕೊಂಡದ್ದು ಇ, ಐ, ಪೈ, ಒಂದು, ಸೊನ್ನೆ ಐದನ್ನೂ ಒಂದೇ ಸಾಲಿನಲ್ಲಿ ಕಟ್ಟುವ ಆಯ್ಲರನ ಸೂತ್ರ. ಕೊನೆಯಲ್ಲಿ ನಿಂತದ್ದು ನಮ್ಮ ರಾಮಾನುಜನ್ ಪೈಯ ವಿಲೋಮಕ್ಕೆ, ಅಂದರೆ ಒಂದನ್ನು ಪೈಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ, ಕೊಟ್ಟ ಅನಂತ ಶ್ರೇಣಿ. 1103, 26390 ಅಂತೆಲ್ಲ ಎಲ್ಲಿಂದ ಬಂದವೋ ಗೊತ್ತಾಗದ ಸಂಖ್ಯೆಗಳು ಅದರಲ್ಲಿವೆ. ನನಗೆ ಮಾತ್ರ ಅದು ಚೆಂದವೇ. ಒಂದೊಂದು ಪದ ಕೂಡಿದ ಹಾಗೂ ಪೈಯ ಸುಮಾರು ಎಂಟೆಂಟು ಅಂಕಿ ಸರಿಯಾಗಿ ಬಂದು ಕೂರುವುದನ್ನು ಕೈಯಾರೆ ಲೆಕ್ಕ ಹಾಕಿ ನೋಡಿದವರಿಗೆ ಅದು ಬೇರೆ ಥರ ಕಾಣುತ್ತದೆ. ಚೆಂದ ಕಾಣುವುದಕ್ಕೂ ಅದರ ಜೊತೆ ಒಂದಷ್ಟು ದಿನ ಕೂತಿರಬೇಕು.

ಹೋಗುವ ಮುಂಚೆ ಇನ್ನೊಂದು ಕೊಡುತ್ತೇನೆ. ಅದೇ 16 ಮನೆ, ಬಣ್ಣ ಹಾಕಿದ್ದು. ಈ ಸಲ ಒಂದು ಕರಿ, ಒಂದು ಬಿಳಿ ಹೊಡೆದುಹಾಕಿ. ಎಲ್ಲಿಯದಾದರೂ ಸರಿ, ನಿಮ್ಮ ಇಷ್ಟ. ಏಳು ಕರಿ, ಏಳು ಬಿಳಿ ಉಳಿಯುತ್ತವೆ. ಯಾವ ಎರಡು ಮನೆ ತೆಗೆದರೂ ಏಳು ಟೈಲ್ಸ್ ಕೂರುತ್ತವೆಯಾ? ಅಥವಾ ಕೆಲವು ಕಡೆ ತೆಗೆದರೆ ಕೆಡುತ್ತದೆಯಾ? ಉತ್ತರ ಹೇಳುವುದಿಲ್ಲ. ಒಂದು ಸುಳಿವು ಮಾತ್ರ. ಪೂರ್ತಿ ಚೌಕದ ಒಂದು ಮನೆಯಲ್ಲಿ ಒಂದು ಇರುವೆ ಬಿಡಿ. ಅದು ಪಕ್ಕದ ಮನೆಗೆ ಮಾತ್ರ ಹೋಗಬಹುದು. ಪ್ರತಿ ಮನೆಗೂ ಒಂದೇ ಸಲ ಹೋಗಿ, ಹೊರಟ ಮನೆಗೇ ವಾಪಸ್ ಬರುವ ಹಾಗೆ ಅದಕ್ಕೊಂದು ದಾರಿ ಹುಡುಕಿ. ಆಮೇಲೆ ಆ ದಾರಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರಿ. ಇವತ್ತೇ ಸಿಗಬೇಕು ಅಂತಿಲ್ಲ.